ವಿಮಾನಕ್ಕ ಹೋದ ಪುಂಡಿಪಲ್ಯ

ಜೇವರ್ಗಿಯ ವತ್ಸಲಾಬಾಯಿಗೆ ಒಂದು ಚಟ ಇತ್ತು, ಕೇಳೋ ಚಟ. ಬೀಡಿ ಬಿಡಸಬಹುದು, ತಂಬಾಕು ಬಿಡಸಬಹುದು, ಇದನ್ನ ಯಾರು ಬಿಡಿಸ್ಯಾರು? ಬಸ್ಸಿನ ಕಂಡಕ್ಟರ್ ಸೀಟಿ ಊದಿದ್ರ, ಆ ಸೀಟಿ ಒಳಗ ಒಂದು ಕಾಳು ಯಾಕ ಇಟ್ಟಾರ ಅಂತ ಕೇಳಾಕಿ. ಬಳಿ ಮಾರೋ ಲಾಡ್ಲೆಸಾಬ ಓಣಿಗೆ ಬಂದ್ರ ಅವನ ಗಂಟು ಇಳಿಸಿ ಕೂಡಿಸಿ, ಈ ಗಾಜು ಎಲ್ಲಿ ಕರಗಸ್ತಾರ, ಕರಗಸೋರ ಕೈ ಸುಡಂಗಿಲ್ಲೇನು, ಹಸರು ಬಣ್ಣಕ್ಕ ಏನು ಹಾಕ್ತಾರ ಅಂತ ಕೇಳಿ ಹೈರಾಣ ಮಾಡಾಕಿ. ಕೊಳ್ಳೋದು ಮಾತ್ರ ಒಂದೂ ಇಲ್ಲ. ಗಂಡ ಹೋದ ಹೆಂಗಸು, ಬಳಿ ಇಟ್ಕೊಳ್ಳೋ ಹಂಗಿರಲಿಲ್ಲ. ಪಾಪ, ಲಾಡ್ಲೆಸಾಬ ಆ ಓಣಿ ಬಂತಂದ್ರ ಜರಾ ಜೋರು ಹೆಜ್ಜಿ ಹಾಕ್ತಿದ್ದ.

ಮಕ್ಕಳಿಲ್ಲ. ಎರಡು ಖೋಲಿ ಮನಿ, ಊರ ಹೊರಗ ಒಂದು ತುಂಡು ಹೊಲ, ಕೈಯಾಗ ಅಡಿಗಿ. ಜೇವರ್ಗಿ, ಇಜೇರಿ, ಅತ್ತ ಅಫಜಲಪುರದ ತನಕ ಆಚಾರ್ರ ಮನಿಗಳೊಳಗ ಮದುವಿ ಇರಲಿ, ಶ್ರಾದ್ಧ ಇರಲಿ, ವತ್ಸಲಾಬಾಯಿನ್ನ ಕರೀರಿ ಅಂತಿದ್ರು. ಚಾತುರ್ಮಾಸದ ನಾಲ್ಕು ತಿಂಗಳಂತೂ ಆಕಿಗೆ ಪುರಸೊತ್ತೇ ಇಲ್ಲ. ಆ ನಾಲ್ಕು ತಿಂಗಳು ವ್ರತದವರ ಊಟ ಬ್ಯಾರೆ: ಮೊದಲನೇ ತಿಂಗಳು ಕಾಯಿಪಲ್ಯ ಇಲ್ಲ, ಎರಡನೇ ತಿಂಗಳು ಮೊಸರು ಇಲ್ಲ, ಮೂರನೇ ತಿಂಗಳು ಹಾಲು ಇಲ್ಲ, ನಾಲ್ಕನೇ ತಿಂಗಳು ಬ್ಯಾಳಿಕಾಳು ಇಲ್ಲ. ಏನಾರೆ ಒಂದು ಬಿಟ್ಟು ರುಚಿಯಾಗಿ ಅಡಿಗಿ ಮಾಡೋದು ಅಂದ್ರ ಆ ಸೀಮ್ಯಾಗ ಆಕೀನ.

ಅದೂ ಹೆಂಗ? ರುಚಿ ನೋಡದ. ದೇವರಿಗೆ ನೈವೇದ್ಯ ಆಗೋಕಿಂತ ಮೊದಲು ನಾಲಿಗಿಗೆ ಮುಟ್ಟಿಸೋ ಹಂಗಿಲ್ಲಲ್ಲ. ಹುಳಿ ಕುದಿಯೋ ಸಪ್ಪಳ ಕೇಳಿ, ಹಬಿ ಮೂಸಿ, ಇನ್ನೊಂದು ಚಿಟಿಕಿ ಉಪ್ಪು ಬೇಕು ಅಂತಿದ್ಲು. ಆಕಿ ಮೂಗು ಅಂದ್ರ ಮೂಗು.

ಆ ಮೂಗಿಗೆ ಹೊಲದಾಗ ಒಂದು ಉಪದ್ರ ಇತ್ತು. ಹೊಲ ಪಾಲಿಗೆ ಮಾಡ್ತಿದ್ದಾಕಿ ಮಾಣಿಕಮ್ಮ. ತವರು ಆಳಂದ ಕಡೆಯ ಕಿಣ್ಣಿ ಸುಲ್ತಾನ ಅನ್ನೋ ಊರು, ಕೊಟ್ಟಿದ್ದು ಜೇವರ್ಗಿಗೆ. ಆಕಿ ಮನಿ ಊರ ಆ ತುದಿಗೆ, ಗ್ವಾಡಿ ಮ್ಯಾಲ ಬುದ್ಧನ ಚಿತ್ರ. ಮಧ್ಯಾಹ್ನ ಆತಂದ್ರ ವತ್ಸಲಾಬಾಯಿ ಬೇವಿನ ಗಿಡದ ಬುಡಕ್ಕ ಕುಂತು ತನ್ನ ಡಬ್ಬಿ ಬಿಚ್ಚಾಕಿ, ಮಾಣಿಕಮ್ಮ ಬದುವಿನ ಆ ತುದಿಗೆ ಕುಂತು ತನ್ನ ರೊಟ್ಟಿ ಗಂಟು ಬಿಚ್ಚಾಕಿ. ಹೊಲದಾಗ ಮಡಿ ನಡ್ಯಂಗಿಲ್ಲ, ಆದ್ರ ದೂರ ನಡೀತದ. ಇಬ್ಬರ ನಡುವ ಒಂದು ಬಂಡಿ ಆರಾಮ ನಿಲ್ತಿತ್ತು. ಆದ್ರ ವಾಸನಿಗೆ ಯಾವ ಮಡಿ? ಮಾಣಿಕಮ್ಮನ ಪುಂಡಿಪಲ್ಯ ಅಂದ್ರ ಹುಳಿ ಸೊಪ್ಪಿನ ಪಲ್ಯ, ಅದರ ವಾಸನಿ ಗಾಳಿ ಹಿಡಕೊಂಡು ಸೀದಾ ಬೇವಿನ ಗಿಡಕ್ಕ ಬರ್ತಿತ್ತು. ಇದನ್ನ ಎಷ್ಟೊತ್ತು ಕುದಿಸಿದಿ, ನುಚ್ಚು ಹಾಕಿಯೇನು, ಖಾರ ಹಸೀದೋ ಒಣದೋ ಅಂತ ವತ್ಸಲಾಬಾಯಿ ಕುಂತಲ್ಲಿಂದನ ಕೇಳಾಕಿ, ಮಾಣಿಕಮ್ಮ ಕುಂತಲ್ಲಿಂದನ ಹೇಳಾಕಿ. ಭಾಳ ವರ್ಷ ಹಂಗ ನಡೀತು. ಕೇಳಿದ್ದು ಖರೆ, ತಿಂದಿದ್ದು ಒಂದು ತುತ್ತೂ ಇಲ್ಲ.

ಎಂಬತ್ತರ ದಶಕ ಅರ್ಧ ದಾಟಿದ್ದ ಒಂದು ವರ್ಷ, ಭಾದ್ರಪದದ ಕಡಿ ದಿನಗಳೊಳಗ, ಆಕಿ ಅಣ್ಣನ ಮಗ ವಾಮನ ಮುಂಬೈಯಿಂದ ಬಂದ. ಈಕಿ ಕೈಕೆಳಗ ಸೌಟು ಹಿಡಿಯೋದು ಕಲ್ತಾಂವ. ದಾದರದ ಒಂದು ಖಾನಾವಳಿಯಾಗ ಇದ್ದು, ಆಗಷ್ಟ ವಿಮಾನ ನಿಲ್ದಾಣದ ಬಾಜೂಕಿನ ಒಂದು ದೊಡ್ಡ ಅಡಿಗಿಮನಿಗೆ ಸೇರಿದ್ದ. ವಿಮಾನದಾಗ ಕುಂತವರಿಗೆ ಬೇಕಾದ ಊಟ ಅಲ್ಲಿ ತಯಾರ ಆಗಿ ಹೋಗ್ತದ.

ಇನ್ನೇನು ಬೇಕು ವತ್ಸಲಾಬಾಯಿಗೆ? ಕೈಕಾಲಿಗೆ ನೀರು ಕೊಡೋದನ್ನೂ ಮರೆತು ಸುರು ಮಾಡಿದ್ಲು. ಮ್ಯಾಲ ಒಲಿ ಹೆಂಗ ಹಚ್ತಾರ? ಒಲಿ ಇಲ್ಲ ಅಂದ ವಾಮನ. ಇಲ್ಲೇ ಕೆಳಗ ಬೇಯಿಸಿ, ತಣ್ಣಗ ಮಾಡಿ ಇಟ್ಟು, ಮ್ಯಾಲ ಬಿಸಿಗಾಳಿ ಪೆಟಿಗ್ಯಾಗ ಬಿಸಿ ಮಾಡ್ತಾರ ಅಂದ. ಅಂದ್ರ ತಂಗಳ ಅಂತ ಆಕಿ ಕೆನ್ನಿ ಮ್ಯಾಲ ಕೈ ಇಟ್ಟಳು. ಅಷ್ಟು ರೊಕ್ಕ ಸುರಿದು ಮುಗಿಲಿಗೆ ಹೋಗಿ ತಂಗಳ ಉಣ್ತಾರಲ್ಲ ಅಂತ ಭಾಳ ಹೊತ್ತು ನಕ್ಕಳು. ಆಮ್ಯಾಲ, ಉಂಡು ಬಿಟ್ಟಿದ್ದು ಎಲ್ಲಿ ಚೆಲ್ತಾರ, ಸಾರು ತುಳಕಂಗಿಲ್ಲೇನು, ಅಲ್ಲಿ ಕುಂತವರ ಮುಖ ಯಾವ ದಿಕ್ಕಿಗೆ ಅಂತ ಕೇಳಿದ್ಲು.

ವಾಮನ ಎಲ್ಲಾ ಹೇಳಿದ. ವಿಮಾನದ ಮೂತಿ ಕಡೆ ಕೆಲವ ದೊಡ್ಡ ದೊಡ್ಡ ಕುರ್ಚಿ ಇರ್ತಾವ, ಅಲ್ಲಿ ಕುಂತವರು ಸಾವಕಾರ ಮಂದಿ. ಅವರಿಗೆ ಬಿಳೀ ಬಟ್ಟಿ ಹಾಸಿ, ಚೀನಿಮಣ್ಣಿನ ತಟ್ಟ್ಯಾಗ ಒಂದಾದ ಮ್ಯಾಲ ಒಂದು ಪದಾರ್ಥ ಬಡಿಸ್ತಾರ. ಆದ್ರ ಅಷ್ಟು ಎತ್ತರಕ್ಕ ಹೋದ್ರ ನಾಲಿಗಿ ಜೋಮು ಹಿಡಿದಂಗ ಆಗ್ತದ. ಗಾಳಿ ಒಣಾ, ಉಪ್ಪು ಸೀ ಅರ್ಧಕ್ಕರ್ಧ ಹತ್ತಂಗಿಲ್ಲ. ಇದನ್ನ ಕೇಳಿ ವತ್ಸಲಾಬಾಯಿ ಕಣ್ಣು ಅಗಲ ಆದವು. ಹುಳಿ ಹತ್ತತದೇನು ಅಂತ ಕೇಳಿದ್ಲು. ಹುಳಿ ಏನೋ ಜರಾ ತಡೀತದ ಅಂದ ವಾಮನ.

ಅಂವ ಮುದ್ದಾಂ ಬಂದಿದ್ದು ಬ್ಯಾರೆ ಮಾತಿಗೆ. ಆ ಮುಂದಿನ ಕುರ್ಚಿಯಾಗ ಒಬ್ಬಾಕಿ ವಿಲಾಯತಿ ಮುದುಕಿ ಆಗಾಗ ಬರ್ತಾಳ, ಮುಂಬೈಯಿಂದ ಅರಬರ ದೇಶಕ್ಕ ಹೋಗಿ ಅದೇ ಕಂಪನಿ ವಿಮಾನದಾಗ ವಾಪಸ್ ಬರ್ತಾಳ. ಮಾಂಸ ಇಲ್ಲ, ತತ್ತಿ ಇಲ್ಲ, ಹಾಲು ಇಲ್ಲ ಅಂತ ಮೊದಲ ಹೇಳಿ ಕಳಸ್ತಾಳ. ಅದಕ್ಕ ಆಕಿಗೆ ಏನು ಕೊಡ್ತಾರ ಅಂದ್ರ ಕುದಿಸಿದ ಬೀನ್ಸು, ಕುದಿಸಿದ ಗಜ್ಜರಿ, ಸೇಬಿನ ಎರಡು ಹೋಳು. ಬಾಜೂಕಿನ ಕುರ್ಚಿಗೆ ಬೆಳ್ಳಿ ಮುಚ್ಚಳ ತೆಗೆದು ಹಬ್ಬದ ಊಟ ಬಡಿಸ್ತಾರ, ಈಕಿ ಮುಂದ ದವಾಖಾನಿ ಊಟ ಇಡ್ತಾರ. ಪ್ರತಿ ಸಲ ತಟ್ಟಿ ಹೋದಂಗ ವಾಪಸ್ ಬರ್ತದ. ಅಡಿಗಿ ಮಾಡಿದಾಂವಗ ಅದು ಎಂಥಾ ಸೋಲು ಅಂತ ವತ್ಸಲಾಬಾಯಿಗೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ.

ಹನ್ನೆರಡೂ ತಿಂಗಳು ಹಾಲು ಬಿಟ್ಟಾಳೇನು ಅಂತ ಕೇಳಿದ್ಲು. ಹನ್ನೆರಡೂ ತಿಂಗಳು, ಸಣ್ಣ ವಯಸ್ಸಿನಿಂದ ಅಂದ ವಾಮನ. ತಾನು ವರ್ಷಕ್ಕ ಒಂದು ತಿಂಗಳು ಹಿಡಿಯೋ ಕ್ಷೀರವ್ರತವನ್ನ ಯಾವುದೋ ದೇಶದ ಒಬ್ಬ ಮುದುಕಿ ಜನ್ಮಪೂರ್ತಿ ಹಿಡದಾಳ! ಕಣ್ಣಿಲೆ ನೋಡದ ಆ ಹೆಂಗಸಿನ ಮ್ಯಾಲ ವತ್ಸಲಾಬಾಯಿಗೆ ಒಮ್ಮೆಲೇ ಮಾಯೆ ಮಮತಿ ಉಕ್ಕಿತು. ಆಗ ನಡೆದಿದ್ದೂ ಕ್ಷೀರವ್ರತದ ತಿಂಗಳೇ. ಒಲಿ ಮುಂದ ವಾಮನನ್ನ ಕೂಡಿಸಿಕೊಂಡು ಎಲ್ಲಾ ಮಾಡಿ ತೋರಿಸಿದ್ಲು: ಎಳ್ಳು ಹಾಕಿದ ಬದನೀಕಾಯಿ, ಹುಣಸಿಹುಳಿ ಅನ್ನ, ಹಾಲಿನ ಬದಲು ತೆಂಗಿನಕಾಯಿ ಹಾಲು ಹಿಂಡಿ ಹೆಸರುಬ್ಯಾಳಿ ಪಾಯಸ. ಪಾಯಸದ ತಳಕ್ಕ ತುಪ್ಪ, ಒಗ್ಗರಣಿಗೆ ತುಪ್ಪ, ಬಡಿಸೋವಾಗ ಅನ್ನದ ಮ್ಯಾಲ ಒಂದು ಹನಿ ತುಪ್ಪ. ತುಪ್ಪ ಬೀಳದ ಅನ್ನಕ್ಕ ಅನ್ನ ಅಂತಾರೇನು? ಕ್ಷೀರವ್ರತದಾಗ ಹಾಲು ಬಿಡಬೇಕು. ಮೊಸರು, ತುಪ್ಪ ನಡೀತಾವ. ಅದು ಆ ಮನಿಗಳೊಳಗ ಹುಟ್ಟಿದ ಕೂಸಿಗೂ ಗೊತ್ತು.

ವಾಮನ ಹೋದ. ಎಂಟು ದಿನ ಆಗಿರಲಿಲ್ಲ, ದತ್ತಪ್ಪನ ಕಿರಾಣಿ ಅಂಗಡಿ ಫೋನಿಗೆ ಖಬರ್ ಬಂತು: ತಟ್ಟಿ ಖಾಲಿ! ಪಾಯಸದ ಬಟ್ಟಲನ್ನ ಮುದುಕಿ ಬೆರಳಿಲೆ ಒರೆಸಿ ತಿಂದಾಳ. ವತ್ಸಲಾಬಾಯಿ ಆ ದಿನ ಓಣಿ ತುಂಬ ತಿರುಗಿದ್ಲು. ನನ್ನ ಅಡಿಗಿ ವಿಮಾನದಾಗ ಕುಂತು ಬಂತು, ನಾ ಇನ್ನ ಗುಲಬರ್ಗಾ ಬಸ್ಸಿನಾಗ ನಿಂತ ಹೋಗ್ತೇನಿ ಅಂತ ಕಂಡ ಕಂಡವರಿಗೆ ಹೇಳಿದ್ಲು. ಹೊಲಕ್ಕ ಹೋಗಿ ಮಾಣಿಕಮ್ಮಗೂ ಹೇಳಿದ್ಲು. ಮಾಣಿಕಮ್ಮ ಕಸ ಕೀಳೋದು ಬಿಟ್ಟು ನಿಂತು ಕೇಳಿ, ಪಾಪ ಮುದುಕಿ ಹೊಟ್ಟಿ ತುಂಬ ಉಂಡಳಲ್ಲ ಬಿಡ್ರಿ ಅಂದ್ಲು.

ದೀಪಾವಳಿಗೆ ವಾಮನ ಮತ್ತ ಬಂದ. ಈ ಸಲ ಮುಖ ಸಣ್ಣದು ಮಾಡ್ಕೊಂಡು ಬಂದ. ವತ್ಸಲಾಬಾಯಿ ಏನೂ ಕೇಳೋಕಿಂತ ಮೊದಲ ಅಂವನ ಹೇಳಿದ.

"ಅತ್ಯಾ, ಅದರಾಗ ತುಪ್ಪ ಇತ್ತು."

"ಇತ್ತು. ಇರಬೇಕಲ್ಲ?"

"ಆಕಿಗೆ ತುಪ್ಪನೂ ನಡ್ಯಂಗಿಲ್ಲ. ಮೊಸರಿಲ್ಲ, ಬೆಣ್ಣಿಲ್ಲ, ಜೇನೂ ಇಲ್ಲ. ಪ್ರಾಣಿಯಿಂದ ಬಂದಿದ್ದು ಯಾವುದೂ ನಡ್ಯಂಗಿಲ್ಲ."

ಆಗಿದ್ದೇನಂದ್ರ, ಮುದುಕಿ ಖುಷಿ ಆಗಿ, ಇದನ್ನ ಹೆಂಗ ಮಾಡಿದ್ರಿ, ನಾನೂ ಮನ್ಯಾಗ ಮಾಡ್ಕೊತೇನಿ ಅಂತ ಹೇಳಿ ಕಳಿಸಿದ್ಲು. ಆ ಅಡಿಗಿಮನಿಯ ದೊಡ್ಡ ಬಬರ್ಚಿ ಖುರ್ಷಿದಸಾಬ ವಾಮನನ್ನ ಕರೆದು ಕೇಳಿದ. ವಾಮನ ಎದಿ ಉಬ್ಬಿಸಿ ಒಂದೊಂದೇ ಹೇಳ್ತಾ ತುಪ್ಪಕ್ಕ ಬಂದ. ಖುರ್ಷಿದಸಾಬ ಹಣಿ ಹಣಿ ಬಡಕೊಂಡ. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ, ಮುಂದಿನ ಸಲ ಮುದುಕಿ ಬಂದಾಗ ತಪ್ಪಾತು ಅಂತ ಹೇಳಿಸಿದ. ಆಕಿ ಬೈಯಲಿಲ್ಲ, ತಕರಾರು ಮಾಡಲಿಲ್ಲ. ಎರಡೂ ಕೈ ಮುಖಕ್ಕ ಹಿಡಕೊಂಡು ಕುಂತಳಂತ. ಈಗ ಬರೋವಾಗ ಚೀಲದಾಗ ಬಾಳಿಹಣ್ಣು ಇಟ್ಕೊಂಡು ಬರ್ತಾಳ, ವಿಮಾನದವರ ಕೈಯಿಂದ ನೀರು ಬಿಟ್ಟು ಏನೂ ಮುಟ್ಟಂಗಿಲ್ಲ.

ವತ್ಸಲಾಬಾಯಿ ಅಂವನ ನೌಕರಿ ಉಳೀತೇನೋ ಅಂತಲೂ ಕೇಳಲಿಲ್ಲ.

"ವಾಮನಾ, ನಾವು ಆಕಿ ವ್ರತ ಕೆಡಿಸಿದ್ವಲ್ಲೋ" ಅಂದ್ಲು.

ಆ ರಾತ್ರಿ ಆಕಿ ಉಣ್ಣಲಿಲ್ಲ. ವ್ರತ ಕೆಡೋದು ಅಂದ್ರ ಏನು ಅಂತ ಆಕಿಗೆ ಗೊತ್ತು. ಹಿಂದ ಒಮ್ಮೆ ಮದುವಿ ಮನ್ಯಾಗ ಯಾರೋ ಏಕಾದಶಿ ದಿನ ಮರೆತು ತನಗ ಒಂದು ತುತ್ತು ಅನ್ನ ತಿನಿಸಿದ್ದಕ್ಕ ಎಷ್ಟು ದಿನ ಅತ್ತಿದ್ಲು. ತಿಂದು ಬಿಟ್ಟಿದ್ದನ್ನ ಹೊಟ್ಟಿಯಿಂದ ಯಾರು ತೆಗೀಬೇಕು? ಮತ್ತ ಹೆಚ್ಚು ಸುಡ್ತಿದ್ದ ಮಾತು ಇನ್ನೊಂದು. ಸಾರು ತುಳಕತದೇನು ಕೇಳಿದೆ, ಮುಖ ಯಾವ ದಿಕ್ಕಿಗೆ ಕೇಳಿದೆ, ಸುಡುಗಾಡು ಸುಂಠಿ ಎಲ್ಲಾ ಕೇಳಿದೆ. ಆ ಹೆಂಗಸಿಗೆ ಏನೇನು ನಡ್ಯಂಗಿಲ್ಲ ಅಂತ ಪೂರ್ತಿ ಕೇಳಲಿಲ್ಲ. ಗೊತ್ತದ ಅನಕೊಂಡೆ. ನನ್ನ ವ್ರತ ಇದ್ದಂಗ ಆಕಿದು ಅನಕೊಂಡೆ.

ತುಪ್ಪದ ಬದಲು ಎಣ್ಣಿ ಹಾಕಿದ್ರ ಆತಲ್ಲ ಅಂತೀರಿ. ವಾಮನನೂ ಅದನ್ನ ಅಂದ. ಮರುದಿನ ಬ್ಯಾಳಿ ಪಾಯಸ ಬಿಟ್ಟು ಬದನೀಕಾಯಿ, ಹುಳಿ ಅನ್ನ ಎರಡೂ ಹಂಗ ಮಾಡಿ, ನೈವೇದ್ಯ ಆದ ಮ್ಯಾಲ ಇಬ್ಬರೂ ಬಾಯಾಗ ಹಾಕ್ಕೊಂಡು ಒಬ್ಬರ ಮುಖ ಒಬ್ಬರು ನೋಡಿದ್ರು. ಏನೋ ಕಳಕೊಂಡ ಅಡಿಗಿ. ಆ ಕುದಿಸಿದ ಬೀನ್ಸಿನ ಹಣೆಬರಹನೂ ಅದೇ ಅಲ್ಲೇನು? ಹಾಲು ತೆಗಿ, ಬೆಣ್ಣಿ ತೆಗಿ, ತತ್ತಿ ತೆಗಿ, ಉಳಿದಿದ್ದನ್ನ ತಟ್ಟ್ಯಾಗ ಇಡು ಅಂದ್ರ ಯಾರಿಗೆ ಸೇರ್ತದ? ತೆಗೆದು ಮಾಡಿದ ಅಡಿಗಿ ಬ್ಯಾಡ, ಮೊದಲಿಂದನ ಅವು ಇಲ್ಲದ ಅಡಿಗಿ ಬೇಕು ಅಂದ್ಲು ವತ್ಸಲಾಬಾಯಿ. ಹಂಗ ಅನ್ನೋದರಾಗ ಆಕಿ ಮೂಗಿಗೆ ಬದುವಿನ ಆ ತುದಿ ನೆನಪಾಗಿತ್ತು.

ಸಂಜಿಮುಂದ ಮಾಣಿಕಮ್ಮನ ಮನಿ ತನಕ ನಡಕೋತ ಹೋದ್ಲು. ಬಾಗಿಲದಾಗ ನಿಂತು, ನಿನ್ನ ರೊಟ್ಟಿ, ಪುಂಡಿಪಲ್ಯ ನಾಳಿ ತಿನ್ನಬೇಕು ನಾನು, ನನಗೊಂದಿಷ್ಟು ಕಟ್ಟಿ ಕೊಡು ಅಂದ್ಲು. ಯಾಕ ಅಂತನೂ ಹೇಳಿದ್ಲು, ಮುದುಕಿ ಮುಖಕ್ಕ ಕೈ ಹಿಡಕೊಂಡು ಕುಂತಿದ್ದನ್ನೂ ಹೇಳಿದ್ಲು. ಮಾಣಿಕಮ್ಮನ ಗಂಡ ದೇವೀಂದ್ರಪ್ಪ ಹೊರಸಿನ ಮ್ಯಾಲಿಂದ ಎದ್ದು ನಿಂತ. ಮಾಣಿಕಮ್ಮ ನಕ್ಕಳು.

"ಕಟ್ಟಿ ಕೊಡಂಗಿಲ್ರಿ ಬಾಯಾರೆ. ತಿನ್ನೋದಾದ್ರ ಹೊಲದಾಗ ನನ್ನ ಬಾಜೂಕ ಕುಂತು ತಿನ್ರಿ. ನಮ್ಮ ಗಡಿಗ್ಯಾಗ ಏನೇನು ಕುದ್ದದ ಅಂತ ನಿಮಗ ಗೊತ್ತದಲ್ಲ?"

ಗೊತ್ತಿತ್ತು. ಬೆಳಿಗ್ಗೆ ತನಕ ವತ್ಸಲಾಬಾಯಿ ಹೊರಳಾಡಿದ್ಲು. ಬರೀ ಮಡಿ ಹೋಗೋ ಮಾತಲ್ಲ. ಅದು ಬ್ಯಾಳಿಕಾಳು ಬಿಟ್ಟ ತಿಂಗಳು. ತುಳಸಿ ಲಗ್ನಕ್ಕ ಇನ್ನ ದಿನ ಇದ್ದವು. ಪುಂಡಿಪಲ್ಯ ಅಂದ ಮ್ಯಾಲ ತೊಗರಿಬ್ಯಾಳಿ ಬೀಳೋದ, ಬಾಜೂಕ ಶೇಂಗಾಹಿಂಡಿ, ಅಂದ್ರ ಶೇಂಗಾದ ಚಟ್ನಿಪುಡಿ, ಇರೋದ. ತಿಂದ್ರ ವ್ರತ ಕೆಡ್ತದ. ಕೊನಿಗೆ ನೀರು ಹೊಯ್ಕೊಂಡು ದೇವರ ಮುಂದ ನಿಂತು, ಆಕಿ ವ್ರತ ನಾ ಮುರಿದೆ, ನಂದೂ ಮುರೀಲಿ, ಲೆಕ್ಕ ಬರೋಬರ್ ಆಗ್ಲಿ ಅಂದು ಹೊರಬಿದ್ಲು. ವಾಮನ ಹಿಂದ ಹೋದ.

ಮಾಣಿಕಮ್ಮ ಬದುವಿನ ತುದಿಗೆ ಗೋಣಿಚೀಲ ಹಾಸಿದ್ಲು. ವತ್ಸಲಾಬಾಯಿ ಬೇವಿನ ಗಿಡ ದಾಟಿ ಹೋಗಿ ಅದರ ಮ್ಯಾಲ ಕುಂತಳು. ಮಾಣಿಕಮ್ಮ ಗಂಟು ಬಿಚ್ಚಿದ್ಲು. ತೆಳ್ಳಗ ಬಡಿದು ಒಣಗಿಸಿದ ಜೋಳದ ರೊಟ್ಟಿ, ಮುರಿದ್ರ ಕಟಕ್ ಅಂತದ, ತಿಂಗಳಿಟ್ಟರೂ ತಂಗಳ ಆಗಂಗಿಲ್ಲ. ಅದರ ಮ್ಯಾಲ ಪುಂಡಿಪಲ್ಯ. ಮುರಿದು, ಕಣ್ಣು ಮುಚ್ಚಿ ಬಾಯಾಗ ಇಟ್ಟಳು.

ಎಷ್ಟು ವರ್ಷದ ವಾಸನಿ! ಹುಳಿ ಕಿವಿ ಹಿಂದ ಹೋಗಿ ಮುಟ್ಟಿ ಬಂತು. ಇದಕ್ಕ ತುಪ್ಪ ಬೇಕಾಗಿರಲಿಲ್ಲ, ಹಾಲು ಬೇಕಾಗಿರಲಿಲ್ಲ, ಯಾವುದೂ ಕಮ್ಮಿ ಇರಲಿಲ್ಲ. ಜೋಮು ಹಿಡಿದ ನಾಲಿಗಿನೂ ಎದ್ದು ಕೂಡಬೇಕು ಅಂಥಾದ್ದು. ಎರಡು ತುತ್ತು, ಮೂರು ತುತ್ತು ಹೋತು. ಆಮ್ಯಾಲ ಆಕಿ ಬಾಯಿ ನಿಂತಿತು. ನುಚ್ಚು ಸಿಗಾಕತ್ತಿತ್ತು, ಬ್ಯಾಳಿ ಸಿಗವಲ್ದು. ಬಳ್ಳೊಳ್ಳಿ ವಾಸನಿನೂ ಇಲ್ಲ. ಬಾಜೂಕ ನೋಡಿದ್ರ ಹಿಂಡಿ ಇಲ್ಲ.

"ಬ್ಯಾಳಿ ಯಾಕ ಹಾಕಿಲ್ಲ ಮಾಣಿಕಮ್ಮಾ?"

"ಈ ತಿಂಗಳು ನಿಮಗ ನಡ್ಯಂಗಿಲ್ಲಲ್ರಿ" ಅಂದ್ಲು ಮಾಣಿಕಮ್ಮ. "ಶೇಂಗಾನೂ ನಡ್ಯಂಗಿಲ್ಲ. ಬಳ್ಳೊಳ್ಳಿ ಎಂದೂ ನಡ್ಯಂಗಿಲ್ಲ. ನಿಮ್ಮ ಡಬ್ಬಿ ನಾ ಇಷ್ಟು ವರ್ಷ ನೋಡಿಲ್ಲೇನು? ಗಡಿಗಿನೂ ಹೊಸಾದು ತಂದೇನಿ."

ವತ್ಸಲಾಬಾಯಿ ಕೈಯಾಗಿನ ರೊಟ್ಟಿ ಕೆಳಗಿಟ್ಟಳು. ತಾನು ವಾಸನಿ ಹಿಡಕೋತ, ಪ್ರಶ್ನಿ ಕೇಳ್ಕೋತ ಕುಂತಾಗ ಬದುವಿನ ಈ ತುದಿಯಿಂದ ಈಕಿ ತನ್ನ ವ್ರತ ಕಾಯ್ತಿದ್ಲು, ಒಂದು ಮಾತೂ ಕೇಳದ. ಮುರಿಯಾಕ ಬಂದ ವ್ರತ ಈಕಿ ಕೈಯಾಗ ಗಟ್ಟಿ ಉಳೀತು. ಆಕಿ ಸೆರಗು ಬಾಯಿಗೆ ಹಿಡಕೊಂಡು ಅತ್ತುಬಿಟ್ಟಳು. ಮಾಣಿಕಮ್ಮ ನೀರಿನ ತಂಬಿಗಿ ಸರಿಸಿದ್ಲು. ವತ್ಸಲಾಬಾಯಿ ಅದನ್ನೂ ಕುಡಿದ್ಲು.

ಬ್ಯಾಳಿ, ಬಳ್ಳೊಳ್ಳಿ ಹಾಕಿ ಮಾಡೋದು ಹೆಂಗ, ಹಿಂಡಿ ಕುಟ್ಟೋದು ಹೆಂಗ ಅಂತ ವಾಮನ ಅಲ್ಲೇ ಕುಂತು ಕೇಳಿ ಮುಂಬೈಗೆ ಹೋದ. ಅತ್ತಿ ಒಂದ ಮಾತು ಹೇಳಿ ಕಳಿಸಿದ್ಲು: ಮುಚ್ಚಳ ತೆಗಿಯೋಕಿಂತ ಮೊದಲು ಅದರಾಗ ಏನೇನು ಅದ ಅಂತ ಆಕಿಗೆ ಬಾಯಿಲೆ ಹೇಳಬೇಕು. ತುಳಸಿ ಲಗ್ನ ಆದ ಮ್ಯಾಲ ದತ್ತಪ್ಪನ ಅಂಗಡಿಗೆ ಮತ್ತ ಫೋನ್ ಬಂತು. ಮುದುಕಿ ಮೊದಲು ಬ್ಯಾಡ ಅಂದಳಂತ. ತುಪ್ಪ ಇಲ್ಲಲ್ಲ ಅಂತ ಕೇಳಿ, ಮತ್ತೊಮ್ಮೆ ಕೇಳಿ, ಆಮ್ಯಾಲ ಕೈಯಿಲೆ ರೊಟ್ಟಿ ಮುರಿದಳಂತ. ಹಿಂಡಿ ಖಾರ ಆಗಿ ಅರ್ಧ ಬಿಟ್ಟಿದ್ಲು, ಪುಂಡಿಪಲ್ಯ ಒಂದು ಎಳಿ ಬಿಟ್ಟಿದ್ದಿಲ್ಲ. ಬಾಳಿಹಣ್ಣು ಚೀಲದಾಗ ಹಂಗ ಉಳಿದಿದ್ದವು.

ವತ್ಸಲಾಬಾಯಿ ಈ ಸಲ ಓಣಿ ತಿರುಗಲಿಲ್ಲ. ಸೀದಾ ಹೊಲಕ್ಕ ಹೋಗಿ ಮಾಣಿಕಮ್ಮಗ ಹೇಳಿ, ನಾಳಿ ನಮ್ಮನಿಗೆ ಊಟಕ್ಕ ಬಾ ಅಂದ್ಲು. ಮರುದಿನ ನಸುಕಿನಾಗ ಎದ್ದು ಬ್ಯಾಳಿ ಬೇಯಿಸಿ ಹೂರಣ ಅರೆದು ಹೋಳಗಿ ಮಾಡಿದ್ಲು. ಮಾಣಿಕಮ್ಮ ಒಗೆದ ಸೀರಿ ಉಟ್ಟು ಬಂದು, ಬಾಗಿಲ ಹೊರಗ ಚಪ್ಪಲಿ ಬಿಟ್ಟು, ಹೊಚ್ಚಲದ ಆ ಕಡೆನ ನಿಂತಳು. ವತ್ಸಲಾಬಾಯಿ ಕೈಯಾಗ ಬಾಳಿಎಲಿ ಹಿಡಕೊಂಡು ಬಂದ್ಲು. ಹಿತ್ತಲದಾಗ ಬಾವಿಕಟ್ಟಿ ಬಾಜೂಕ ಆಗಲೇ ಸಾರಿಸಿ ಕೂಡೋ ಮಣಿ ಇಟ್ಟಿದ್ಲು. ಹೊರಗಿನವರಿಗೆ ಆ ಮನ್ಯಾಗ ಎಲಿ ಬೀಳೋದು ಅಲ್ಲೇ. ಆದ್ರ ಈಗ ಕಲ್ತಾಕಿ, ಬಡಿಸೋಕಿಂತ ಮೊದಲು ಕೇಳಿದ್ಲು.

"ಮಾಣಿಕಮ್ಮಾ, ನಿನಗ ಏನು ನಡ್ಯಂಗಿಲ್ಲ, ಹೇಳಿಬಿಡು."

ಮಾಣಿಕಮ್ಮ ಆಕಿ ಕೈಯಾಗಿನ ಎಲಿ ನೋಡಿದ್ಲು, ಹಿತ್ತಲ ಬಾಗಿಲ ನೋಡಿದ್ಲು.

"ನನಗ ಎಲ್ಲಾ ನಡೀತದ್ರಿ ಬಾಯಾರೆ. ಹಿತ್ತಲದಾಗ ಕುಂತು ಉಣ್ಣೋದೊಂದು ನಡ್ಯಂಗಿಲ್ಲ."

ವತ್ಸಲಾಬಾಯಿ ಅಲ್ಲೇ ನಿಂತಳು. ಒಲಿ ಮ್ಯಾಲ ಹೋಳಗಿ ಹೊತ್ತೋ ವಾಸನಿ ಬಂತು, ಹಂಚಿನ ಕಡೆ ಹೊಳ್ಳಿ ನೋಡಲಿಲ್ಲ. ಆಮ್ಯಾಲ ಹಿತ್ತಲಕ್ಕ ಹೋಗಿ ಮಣಿ ಎತ್ತಿಕೊಂಡು ಬಂದು, ಪಡಸಾಲ್ಯಾಗ ತನ್ನ ಮಣಿ ಬಾಜೂಕ ಇಟ್ಟು, ಎರಡು ಎಲಿ ಹಾಕಿದ್ಲು.